ಮಂಗಳನ ಕಥೆಯಲ್ಲಿ ಡ್ರೋನ್ ಹಾರಿಸುವುದು ಹೇಗೆ?

ವೈಜ್ಞಾನಿಕ ಕಥೆಗಳ ಹಸ್ತಪ್ರತಿ ಓದುವುದು ನನ್ನ ಕೆಲಸ. ಮಂಗಳ ಗ್ರಹದ ಕಥೆ ಅಂದರೆ ಅದರಲ್ಲಿ ಒಂದು ಡ್ರೋನ್ ಇದ್ದೇ ಇರುತ್ತದೆ. ಹೆಚ್ಚಾಗಿ ಅಂಗೈ ಅಗಲದ್ದು. ನಾಯಕಿ ಅದನ್ನು ಬ್ಯಾಗಿನಿಂದ ತೆಗೆದು ಮೇಲಕ್ಕೆ ತೂರುತ್ತಾಳೆ. ಅದು ಕೀರಲು ಸದ್ದು ಮಾಡುತ್ತಾ ಬಂಡೆಗಳ ಸಂದಿಯಲ್ಲಿ ಗಕ್ಕನೆ ತಿರುಗಿ, ಸಂಜೆವರೆಗೂ ಸುತ್ತಾಡಿ ವಾಪಸ್ ಬರುತ್ತದೆ. ಗಾತ್ರ, ಸದ್ದು, ತಿರುವು, ಸಮಯ, ನಾಲ್ಕೂ ತಪ್ಪು. ಇದನ್ನು ಸರಿ ಮಾಡಲು ಎಂಜಿನಿಯರಿಂಗ್ ಓದಿರಬೇಕಾಗಿಲ್ಲ. ಒಂದು ಹಾಳೆ, ಮೊಬೈಲಿನ ಕ್ಯಾಲ್ಕ್ಯುಲೇಟರ್ ಇದ್ದರೆ ಸಾಕು.

ಹಂತ 1: ಮೂರು ಅಂಕಿ ಬರೆದುಕೊಳ್ಳಿ

ಗಾಳಿಯ ಸಾಂದ್ರತೆ, ಗುರುತ್ವ, ಶಬ್ದದ ವೇಗ. ಮಂಗಳನ ನೆಲದ ಮೇಲೆ ಒಂದು ಘನ ಮೀಟರ್ ಗಾಳಿ ಸುಮಾರು 0.02 ಕೆ.ಜಿ ತೂಗುತ್ತದೆ. ನಮ್ಮಲ್ಲಿ 1.2 ಕೆ.ಜಿ. ಅಂದರೆ ಅಲ್ಲಿನ ಗಾಳಿ 60 ಪಟ್ಟು ತೆಳು. ಗುರುತ್ವ ನಮ್ಮದರ ಶೇ 38. ಶಬ್ದದ ವೇಗ ಸೆಕೆಂಡಿಗೆ ಸುಮಾರು 240 ಮೀಟರ್, ಇಲ್ಲಿ 340. ನೀವೇ ಕಲ್ಪಿಸಿದ ಗ್ರಹವಾದರೂ ಈ ಮೂರನ್ನು ಮೊದಲೇ ನಿಗದಿ ಮಾಡಿಕೊಳ್ಳಿ. ಪ್ಲೂಟೊ ಆದರೆ ರೋಟರ್ (ತಿರುಗುತ್ತಾ ಡ್ರೋನನ್ನು ಎತ್ತುವ ಬ್ಲೇಡ್‌ಗಳ ಜೋಡಣೆ) ಮರೆತುಬಿಡಿ, ರಾಕೆಟ್ ಹಾಕಿ.

ಹಂತ 2: ರೋಟರ್

ಎಲ್ಲರೂ ಎಡವುವುದು ಇಲ್ಲೇ. "ಗಾಳಿ ತೆಳು ಇದೆಯಲ್ಲ, ಜಾಸ್ತಿ ಸ್ಪೀಡಾಗಿ ತಿರುಗಿಸಿದರಾಯ್ತು" ಎಂದು ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ. ಲೆಕ್ಕ ಹಾಕಿ ನೋಡೋಣ.

ರೋಟರ್ ಎಷ್ಟು ಭಾರ ಎತ್ತುತ್ತದೆ ಅನ್ನುವುದು ಮೂರರ ಮೇಲೆ ನಿಂತಿದೆ: ಗಾಳಿ ಎಷ್ಟು ದಟ್ಟ, ಬ್ಲೇಡ್‌ಗಳು ಸುತ್ತುವ ವೃತ್ತ ಎಷ್ಟು ದೊಡ್ಡದು, ಬ್ಲೇಡಿನ ತುದಿ ಎಷ್ಟು ವೇಗ. ವೇಗ ಎರಡು ಪಟ್ಟಾದರೆ ಎತ್ತುವ ಬಲ ನಾಲ್ಕು ಪಟ್ಟಾಗುತ್ತದೆ. ಮದುವೆಗಳಲ್ಲಿ ಹಾರಿಸುವ ಡ್ರೋನನ್ನು ಹಾಗೇ ಮಂಗಳನಲ್ಲಿ ಇಟ್ಟೆವು ಅಂದುಕೊಳ್ಳಿ. ಗಾಳಿ 60 ಪಟ್ಟು ಕಡಿಮೆ, ಆದರೆ ತೂಕವೂ ಶೇ 38ಕ್ಕೆ ಇಳಿದಿದೆ. 60ನ್ನು 0.38ರಿಂದ ಗುಣಿಸಿದರೆ ಸುಮಾರು 23. ಅದರ ವರ್ಗಮೂಲ 4.8. ಅಂದರೆ ಬ್ಲೇಡಿನ ತುದಿ ಭೂಮಿಯಲ್ಲಿ ಓಡುವುದಕ್ಕಿಂತ 4.8 ಪಟ್ಟು ಜೋರಾಗಿ ಓಡಬೇಕು. ಇಲ್ಲಿ ಸೆಕೆಂಡಿಗೆ 80 ಮೀಟರ್ ಇದ್ದರೆ ಅಲ್ಲಿ 384 ಮೀಟರ್. ಅಲ್ಲಿ ಶಬ್ದದ ವೇಗವೇ 240!

ತುದಿಯ ವೇಗ ಶಬ್ದದ ವೇಗದ ಹತ್ತಿರ ಬಂದರೆ ಬ್ಲೇಡಿಗೆ ಎದುರಾಗುವ ತಡೆ ಒಮ್ಮೆಲೇ ಏರುತ್ತದೆ, ಎತ್ತುವ ಬಲ ಕುಸಿಯುತ್ತದೆ, ಎಲ್ಲ ಅದುರಲು ಶುರುವಾಗುತ್ತದೆ. ಎಂಥ ಗಟ್ಟಿ ಮೋಟಾರ್ ಹಾಕಿದರೂ ಇದರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಆದ್ದರಿಂದ ಶಬ್ದದ ವೇಗದ ಶೇ 70ನ್ನು ಗೆರೆ ಅಂತ ಇಟ್ಟುಕೊಳ್ಳಿ, ಸೆಕೆಂಡಿಗೆ 168 ಮೀಟರ್. ವೇಗ ಅಲ್ಲಿಗೆ ನಿಂತಿತು. ಇನ್ನು ಉಳಿದಿದ್ದು ವೃತ್ತ ದೊಡ್ಡದು ಮಾಡುವುದು, ತೂಕ ಇಳಿಸುವುದು, ಇವೆರಡೇ.

ಮಂಗಳನಲ್ಲಿ ಹಾರಿದ ನಾಸಾದ ಪುಟ್ಟ ಹೆಲಿಕಾಪ್ಟರ್ ಇಂಜೆನ್ಯೂಯಿಟಿ ಮಾಡಿದ್ದೂ ಇದನ್ನೇ. 2021ರ ಏಪ್ರಿಲ್ 19ರಂದು ಜೆಜೆರೊ ಕುಳಿಯಲ್ಲಿ ಅದು ಮೂರು ಮೀಟರ್ ಮೇಲೆದ್ದು 39 ಸೆಕೆಂಡ್ ಹಾರಿತು. ತೂಕ ಬರೀ 1.8 ಕೆ.ಜಿ. ಒಂದರ ಮೇಲೊಂದು ಎರಡು ರೋಟರ್, ಎರಡೂ ವಿರುದ್ಧ ದಿಕ್ಕಿಗೆ ತಿರುಗುತ್ತವೆ. ಅಗಲ 1.2 ಮೀಟರ್. ಈಗ ತಲೆಯೆತ್ತಿ ನಿಮ್ಮ ಸೀಲಿಂಗ್ ಫ್ಯಾನ್ ನೋಡಿ. ಮಾಮೂಲಿ ಫ್ಯಾನ್ ಕೂಡ ಸರಿಯಾಗಿ ಅಷ್ಟೇ ಅಗಲ, 1200 ಮಿಲಿಮೀಟರ್. ಫುಲ್ ಸ್ಪೀಡಿನಲ್ಲಿ ನಿಮಿಷಕ್ಕೆ ಸುಮಾರು 350 ಸುತ್ತು ಹಾಕುತ್ತದೆ. ಇಂಜೆನ್ಯೂಯಿಟಿ 2,400ಕ್ಕೂ ಹೆಚ್ಚು ಸುತ್ತು ಹಾಕಿ, ಎರಡು ಲೀಟರ್ ನೀರಿನ ಬಾಟಲಿಯಷ್ಟೂ ತೂಕವಿಲ್ಲದ ತನ್ನನ್ನು ತಾನು ಎತ್ತಿಕೊಂಡಿತು.

ಇದರಿಂದ ಒಂದು ಸುಲಭ ಸೂತ್ರ ಸಿಗುತ್ತದೆ: ಬ್ಲೇಡ್ ಸುತ್ತುವ ವೃತ್ತದ ಒಂದು ಚದರ ಮೀಟರಿಗೆ 1.6 ಕೆ.ಜಿ. ನಿಮ್ಮ ಕಥೆಯ ಡ್ರೋನ್ ಸಾಮಾನೂ ಸೇರಿ 10 ಕೆ.ಜಿ ಇದ್ದರೆ ಆರು ಚದರ ಮೀಟರಿಗಿಂತ ಸ್ವಲ್ಪ ಜಾಸ್ತಿ ಬೇಕು. ನಾಲ್ಕು ರೋಟರ್ ಆದರೆ ಒಂದೊಂದೂ 1.4 ಮೀಟರ್ ಅಗಲ. ಪ್ರತಿ ರೋಟರಿಗೂ ನಾಲ್ಕು ಬ್ಲೇಡ್ ಕೊಡಿ, ಏಕೆಂದರೆ ಇಂಜೆನ್ಯೂಯಿಟಿಯ ಎರಡು ರೋಟರ್ ಸೇರಿ ಆ ವೃತ್ತದಲ್ಲಿ ನಾಲ್ಕು ಬ್ಲೇಡ್ ಇದ್ದವು. ಇಡೀ ಡ್ರೋನ್ ಸುಮಾರು ಮೂರು ಮೀಟರ್ ಅಗಲವಾಯಿತು. ಬ್ಯಾಗಿನಲ್ಲಿ ಹಿಡಿಸುವ ಮಾತೇ ಇಲ್ಲ. ಮಡಚದೆ ನೆಲೆಯ ಬಾಗಿಲು ದಾಟುವುದಿಲ್ಲ. ಗಾಯಗೊಂಡವರನ್ನು ಎತ್ತಿಕೊಂಡು ಬರುವ 300 ಕೆ.ಜಿ ವಾಹನ ಬೇಕಾದರೆ ಆರು ರೋಟರ್, ಒಂದೊಂದೂ ಆರು ಮೀಟರಿಗಿಂತ ಅಗಲ.

ಇಲ್ಲಿ ಕೆಲವರು "ಹೊಸ ಲೋಹ ಕಂಡುಹಿಡಿದರು" ಅಂತ ಬರೆದು ಅಡ್ಡದಾರಿ ಹಿಡಿಯುತ್ತಾರೆ. ಬ್ಲೇಡ್ ಮುರಿಯದಿರಬಹುದು, ಆದರೆ ಶಬ್ದದ ವೇಗದ ಗೆರೆ ಗಾಳಿಯದ್ದು, ಲೋಹದ್ದಲ್ಲ. ಲೋಹವೇ ಬೇಡ. ಒಳಗೆ ಫೋಮ್, ಹೊರಗೆ ಕಾರ್ಬನ್ ಫೈಬರ್ ಅಂತ ಬರೆಯಿರಿ, ನಿಜವಾದ ಬ್ಲೇಡ್ ಇದ್ದದ್ದೂ ಹಾಗೇ. ಇನ್ನು ಡ್ರೋನ್ ಹವ್ಯಾಸಿಗಳಿಗೆಂದು ಇರುವ ಆನ್‌ಲೈನ್ ಕ್ಯಾಲ್ಕ್ಯುಲೇಟರ್‌ಗಳನ್ನು ನಂಬಬೇಡಿ. ಅವು ಭೂಮಿಯ ಗಾಳಿಗೆ ಮಾಡಿದಂಥವು. ಸಾಂದ್ರತೆ ಬದಲಿಸಲು ಬಿಟ್ಟರೂ ತುದಿಯ ವೇಗ ಶಬ್ದವನ್ನು ಮೀರಿದೆ ಅಂತ ಎಚ್ಚರಿಸದ ಕ್ಯಾಲ್ಕ್ಯುಲೇಟರ್ ನಿಮಗೆ ಉಪಯೋಗವಿಲ್ಲ.

ರೋಟರ್ ಬಿಟ್ಟು ವಿಮಾನದ ರೆಕ್ಕೆ ಹಾಕುತ್ತೇನೆ ಅನ್ನುವವರಿಗೂ ಅದೇ 4.8 ಕಾದಿದೆ. ಇಲ್ಲಿ ಗಂಟೆಗೆ 60 ಕಿ.ಮೀ ವೇಗದಲ್ಲಿ ನೆಲ ಬಿಡುವ ವಿಮಾನಕ್ಕೆ ಅಲ್ಲಿ 290 ಕಿ.ಮೀ ಬೇಕು, ಅದೂ ಕಲ್ಲು ತುಂಬಿದ ನೆಲದ ಮೇಲೆ.

ಒಂದು ಒಳ್ಳೆಯ ದೃಶ್ಯಕ್ಕೂ ಇದೇ ಲೆಕ್ಕ ದಾರಿ ಮಾಡಿಕೊಡುತ್ತದೆ. ನೆಲೆಯ ಒಳಗೆ ಮನುಷ್ಯರು ಉಸಿರಾಡುವ ಗಾಳಿ ಇರುತ್ತದೆ ಅಲ್ವಾ? ಅಲ್ಲಿ ಅದೇ ಡ್ರೋನ್ ನಿಮಿಷಕ್ಕೆ 300 ಸುತ್ತಿನ ಆಸುಪಾಸಿನಲ್ಲೇ ಮೆಲ್ಲಗೆ ಮೇಲೇಳುತ್ತದೆ. ಹಾಗಾಗಿ ಒಳಗೆ ಹಾರಿಸಿ ಪರೀಕ್ಷೆ ಮಾಡಿದ್ದು ಹೊರಗಿನ ಹಾರಾಟಕ್ಕೆ ಏನೂ ಹೇಳುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿರುವ ನಾಸಾದ ಜೆಪಿಎಲ್ ಪ್ರಯೋಗಾಲಯದಲ್ಲಿ ಇಂಜೆನ್ಯೂಯಿಟಿಯನ್ನು ದೊಡ್ಡ ನಿರ್ವಾತ ಕೊಠಡಿಯ ಗಾಳಿ ಹೀರಿ, ಕಾರ್ಬನ್ ಡೈಆಕ್ಸೈಡ್ ತುಂಬಿ, ಭೂಮಿಯ ಗುರುತ್ವದಿಂದ ಬರುವ ಹೆಚ್ಚುವರಿ ತೂಕ ತಪ್ಪಿಸಲು ಮೇಲಿನಿಂದ ದಾರ ಕಟ್ಟಿ ಎಳೆದು ಹಾರಿಸಿ ನೋಡಿದ್ದು ಇದಕ್ಕೇ. ಆ ಯೋಜನೆಯ ಮುಖ್ಯ ಎಂಜಿನಿಯರ್ ಮದ್ರಾಸ್ ಐಐಟಿಯಲ್ಲಿ ಓದಿದ ಬಾಬ್ ಬಲರಾಮ್. ನಿಮ್ಮ ಕಥೆಯ ಮೆಕ್ಯಾನಿಕ್‌ಗೂ ಅಂಥದೊಂದು ಕೊಠಡಿ ಕೊಡಿ.

ಹಂತ 3: ಬ್ಯಾಟರಿ

ಹಾರಲು ಡ್ರೋನಿನ ಪ್ರತಿ ಕೆ.ಜಿ ತೂಕಕ್ಕೆ 200 ವ್ಯಾಟ್ ಹಿಡಿಯಿರಿ. ಇಂಜೆನ್ಯೂಯಿಟಿಗೆ ಬೇಕಿದ್ದದ್ದು ಸುಮಾರು 350 ವ್ಯಾಟ್. 10 ಕೆ.ಜಿ ಡ್ರೋನಿಗೆ 2,000 ವ್ಯಾಟ್ ಆಯಿತು. ಅದರಲ್ಲಿ ಎರಡೂವರೆ ಕೆ.ಜಿ ಒಳ್ಳೆಯ ಲಿಥಿಯಂ ಬ್ಯಾಟರಿ ಇದ್ದರೆ ಕಾಲು ಗಂಟೆ. ರಾತ್ರಿ ಮೈನಸ್ 90 ಡಿಗ್ರಿ ಚಳಿಯಲ್ಲಿ ಬ್ಯಾಟರಿ ಹೆಪ್ಪುಗಟ್ಟದಂತೆ ಬಿಸಿ ಮಾಡಲು ಒಂದಷ್ಟು ಹೋಗುತ್ತದೆ. ಹತ್ತು ನಿಮಿಷ ಅಂತ ಬರೆಯಿರಿ, ಯಾರೂ ಬೆರಳು ತೋರಿಸುವುದಿಲ್ಲ. ಇಂಜೆನ್ಯೂಯಿಟಿಯ ಅತಿ ದೀರ್ಘ ಹಾರಾಟವೂ ಮೂರು ನಿಮಿಷ ತುಂಬಲಿಲ್ಲ. ಸೋಲಾರ್ ಫಲಕದ ಮೇಲೇ ನೇರವಾಗಿ ಹಾರಿಸಬೇಡಿ. ಫಲಕ ಬ್ಯಾಟರಿ ತುಂಬಲಿ, ಡ್ರೋನ್ ಕಾಯಲಿ.

ಚಳಿಯ ಜೊತೆಗೆ ಉಲ್ಟಾ ತೊಂದರೆಯೂ ಇದೆ. ತೆಳು ಗಾಳಿ ಮೋಟಾರನ್ನು ತಣಿಸುವುದಿಲ್ಲ. ಇಂಜೆನ್ಯೂಯಿಟಿಯ ಮೋಟಾರ್ ಹಾರುವಾಗ ಸೆಕೆಂಡಿಗೆ ಸುಮಾರು ಒಂದು ಡಿಗ್ರಿಯಂತೆ ಬಿಸಿಯಾಗುತ್ತಿತ್ತು. ಬ್ಯಾಟರಿ ಇದ್ದರೂ ಮೋಟಾರ್ ಆರಲೆಂದು ಇಳಿಯಲೇಬೇಕಾದ ಸನ್ನಿವೇಶ ನನಗೆ ಬಲು ಇಷ್ಟ. ಇದುವರೆಗೆ ಯಾವ ಹಸ್ತಪ್ರತಿಯಲ್ಲೂ ನೋಡಿಲ್ಲ.

ಋತುವನ್ನೂ ಮರೆಯಬೇಡಿ. ಧ್ರುವದ ಚಳಿಗಾಲದಲ್ಲಿ ಗಾಳಿಯ ಒಂದು ಭಾಗವೇ ಹೆಪ್ಪುಗಟ್ಟಿ ನೆಲಕ್ಕೆ ಇಳಿಯುತ್ತದೆ, ಗಾಳಿ ಇನ್ನಷ್ಟು ತೆಳುವಾಗುತ್ತದೆ. 2021ರ ಅಕ್ಟೋಬರಿನಲ್ಲಿ ಹೀಗಾದಾಗ ಇಂಜೆನ್ಯೂಯಿಟಿಯನ್ನು 2,700 ಸುತ್ತಿಗೆ ಏರಿಸಿ ಹಾರಿಸಿದರು. ಏಪ್ರಿಲಿನಲ್ಲಿ ಎತ್ತಿದ ಭಾರವನ್ನು ಅಕ್ಟೋಬರಿನಲ್ಲಿ ಎತ್ತಲಾಗದ ಡ್ರೋನ್, ಇದೇ ಒಂದು ಕಥೆಗೆ ಸಾಕು.

ಹಂತ 4: ತಿರುವು ಮತ್ತು ನಿಲುಗಡೆ

ಡ್ರೋನ್ ನಿಲ್ಲುವುದು ತನ್ನನ್ನು ಹಿಂದಕ್ಕೆ ಓರೆ ಮಾಡಿಕೊಂಡು. ಗುರುತ್ವ ಕಡಿಮೆ ಇರುವ ಕಡೆ ಅಷ್ಟೇ ಓರೆ ಮಾಡಿದರೆ ಸಿಗುವ ಎಳೆತವೂ ಕಡಿಮೆ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹೋಗುತ್ತಾ 20 ಡಿಗ್ರಿ ಓರೆಯಾದರೆ ಭೂಮಿಯಲ್ಲಿ 14 ಮೀಟರಿನೊಳಗೆ ನಿಲ್ಲುತ್ತದೆ. ಮಂಗಳನಲ್ಲಿ 37 ಮೀಟರ್ ಬೇಕು. ಹಿಡಿದು ನಿಲ್ಲಿಸಲು ಗಾಳಿಯ ತಡೆಯೂ ಇಲ್ಲ. ಬಂಡೆ ಸಂದಿಯ ಬೆನ್ನಟ್ಟುವಿಕೆ ಬರೆಯುವ ಮುನ್ನ ಈ 37 ಮೀಟರನ್ನು ಬೀದಿಯಲ್ಲಿ ನಡೆದು ನೋಡಿ.

ಹಂತ 5: ಯಾರು ನಡೆಸುತ್ತಾರೆ?

ಭೂಮಿಯಿಂದ ಸಂಕೇತ ಹೋಗಲು 3ರಿಂದ 22 ನಿಮಿಷ. ಜಾಯ್‌ಸ್ಟಿಕ್ ಬೇಡ. ಡ್ರೋನ್ ತಾನೇ ನೋಡಿಕೊಂಡು ಹಾರಲಿ.

ಹಂತ 6: ಸದ್ದು

ಕೀರಲು ದನಿ ಬೇಡವೇ ಬೇಡ. 2021ರ ಏಪ್ರಿಲ್ 30ರಂದು ಪರ್ಸೆವೆರೆನ್ಸ್ ರೋವರಿನ ಮೈಕ್ ಇಂಜೆನ್ಯೂಯಿಟಿಯ ಸದ್ದು ಹಿಡಿಯಿತು. 84 ಹರ್ಟ್ಜ್, ತಗ್ಗಿದ ಗುಂಯ್ ಸದ್ದು. ನಿಮಿಷಕ್ಕೆ 2,520 ಸುತ್ತು ಅಂದರೆ ಸೆಕೆಂಡಿಗೆ 42, ಒಂದು ರೋಟರಿಗೆ ಎರಡು ಬ್ಲೇಡ್, 84. ನಿಮ್ಮ ರೋಟರಿಗೂ ಹೀಗೇ ಲೆಕ್ಕ ಹಾಕಬಹುದು. ಅಲ್ಲಿನ ಗಾಳಿ ಎತ್ತರದ ದನಿಗಳನ್ನು ಬೇಗ ನುಂಗಿಬಿಡುತ್ತದೆ.

ಹಂತ 7: ಬೀಳಿಸುವುದು

ಬಿರುಗಾಳಿ ಬಡಿದು ಪುಡಿಪುಡಿ ಅಂತ ಬರೆಯಬೇಡಿ. ಮಂಗಳನಲ್ಲಿ ಗಂಟೆಗೆ 100 ಕಿ.ಮೀ ಗಾಳಿ ಬೀಸಿದರೂ ಅದರ ತಳ್ಳು ನಮ್ಮ 13 ಕಿ.ಮೀ ತಂಗಾಳಿಯಷ್ಟೇ. ಇಂಜೆನ್ಯೂಯಿಟಿ ಬಿದ್ದ ಕಾರಣ ಬೇರೆ. ಅದು ಕೆಳಗಿನ ಕಲ್ಲುಗಳನ್ನು ಕ್ಯಾಮೆರಾದಲ್ಲಿ ಗುರುತಿಟ್ಟುಕೊಂಡು ತನ್ನ ವೇಗ ಲೆಕ್ಕ ಹಾಕುತ್ತಿತ್ತು. 2024ರ ಜನವರಿ 18ರ 72ನೇ ಹಾರಾಟದಲ್ಲಿ ಕೆಳಗಿದ್ದದ್ದು ಬರೀ ಮರಳಿನ ಅಲೆ. ಗುರುತಿಡಲು ಏನೂ ಸಿಗಲಿಲ್ಲ. ಅಡ್ಡ ಜಾರುತ್ತಾ ನೆಲ ಮುಟ್ಟಿತು, ಬ್ಲೇಡ್‌ಗಳು ಮುರಿದವು. ಆದರೂ ರೇಡಿಯೊ ಮುಂದೆಯೂ ಕೆಲಸ ಮಾಡಿತು. ಹಾಗಾಗಿ ಬಿದ್ದ ಡ್ರೋನನ್ನು ಕಥೆಯಿಂದ ಕೂಡಲೇ ತೆಗೆದುಹಾಕಬೇಡಿ, ಅದು ಹವಾಮಾನದ ಅಂಕಿ ಕಳಿಸುತ್ತಿರಲಿ. ನಾಯಕಿ ಮರಳುಗಾಡು ದಾಟಿಸಲೇಬೇಕಿದ್ದರೆ ಅವಳು ರೋವರಿನಲ್ಲಿ ಮುಂದೆ ಹೋಗಿ, ಡ್ರೋನ್ ಇಳಿಯಬೇಕಾದ ಕಡೆ ಕಪ್ಪು ಕಲ್ಲುಗಳನ್ನು ಎಲ್ಲೆಂದರಲ್ಲಿ ಎರಚಿ ಬರಲಿ. ಸಾಲಾಗಿ, ಒಂದೇ ಅಂತರದಲ್ಲಿ ಜೋಡಿಸಿದರೆ ಕ್ಯಾಮೆರಾ ಒಂದು ಕಲ್ಲನ್ನು ಇನ್ನೊಂದು ಅಂದುಕೊಳ್ಳುತ್ತದೆ.