ಶಾಮಿಯಾನ ಬಿಚ್ಚಿದ ಮೇಲಿನ ಸೇವೆ

ನಾನು ಓದಿದ್ದು ಮಂಗಳೂರಿನ ಬಲ್ಮಠದಲ್ಲಿ. ಬಾಸೆಲ್ ಮಿಷನ್ನಿನವರು 1847ರಲ್ಲಿ ಶುರು ಮಾಡಿದ ಸೆಮಿನರಿ, ಅಂದರೆ ಪಾದ್ರಿಗಳನ್ನು ತಯಾರು ಮಾಡುವ ಶಾಲೆ, 1965ರಲ್ಲಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜ್ ಆಯಿತು. ಗ್ರೀಕ್, ಸಭಾ ಚರಿತ್ರೆ, ಪ್ರಸಂಗ ಎಲ್ಲ ಕಲಿತೆ. ಆದರೆ ಕಾರವಾರದ ಈ ಸಣ್ಣ ಕ್ರೈಸ್ತ ಸಭೆಯಲ್ಲಿ ಪಾದ್ರಿಯಾಗಿ, ಜನರ ಬಾಯಲ್ಲಿ ಅಯ್ನೋರಾಗಿ, ನನಗೆ ಜಾಸ್ತಿ ಕೆಲಸಕ್ಕೆ ಬಂದಿರುವುದು ಅಲ್ಲಿನ ಒಬ್ಬ ಮೇಷ್ಟ್ರು ಹಿಡಿಸಿದ ನೋಟ್‌ಬುಕ್ಕಿನ ಅಭ್ಯಾಸ.

ಅವರು ಹೇಳುತ್ತಿದ್ದರು: "ಮಣ್ಣು ಮಾಡುವ ದಿನ ಊರೇ ಸೇರಿರುತ್ತದೆ. ಶಾಮಿಯಾನ ಬಿಚ್ಚಿ, ಕುರ್ಚಿ ವಾಪಸ್ ಹೋದ ಮೇಲೆ ಯಾರು ಹೋಗ್ತಾರೆ? ನೀನು ಹೋಗು." ಅದಕ್ಕೆ ಸಾವಿನ ತಾರೀಕು, ಮನೆಯಲ್ಲಿ ಉಳಿದವರ ಹೆಸರು, ಮತ್ತೆ ಯಾವಾಗ ಹೋಗಬೇಕು ಅನ್ನುವುದನ್ನು ಬರೆದಿಡಿಸುತ್ತಿದ್ದರು. ಹೋದಾಗ ಸಮಾಧಾನ ಹೇಳುವ ಅವಸರ ಬೇಡ. ಬೈಬಲ್ಲಿನಲ್ಲಿ ಮಕ್ಕಳನ್ನು ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಸುಮ್ನೆ ಕೂತಿದ್ದರಲ್ಲ, ಅಲ್ಲಿಯವರೆಗೆ ಅವರು ಒಳ್ಳೆ ಸಭಾಪಾಲಕರು, ಬಾಯಿ ಬಿಟ್ಟ ಮೇಲೆ ಕೆಟ್ಟರು ಅನ್ನುತ್ತಿದ್ದರು. ಇನ್ನೊಂದು ಕಟ್ಟುನಿಟ್ಟು: ಆ ಭೇಟಿಗೆ ಚಂದಾ ರಶೀದಿ ಪುಸ್ತಕ ಒಯ್ಯಬಾರದು, ಕಾಣಿಕೆ ಕೊಟ್ಟರೂ ತಗೋಬಾರದು. ಚಹಾ ಕೊಟ್ಟರೆ ಕುಡಿಯಬೇಕು.

ವರ್ಷದ ದಿನ ನೆನಪಿಟ್ಟುಕೊಂಡು ಹೋಗುವುದು ಕಷ್ಟವಲ್ಲ. ಯಾವ ದಿನ ಆ ಮನೆಗೆ ಹೆಚ್ಚು ಭಾರ ಅನ್ನುವುದನ್ನು ತಿಳಿಯುವುದೇ ಕಷ್ಟ.

ಬೈತಖೋಲ ಬಂದರಿನಲ್ಲಿ ಬೋಟ್ ಇಂಜಿನ್ ರಿಪೇರಿ ಮಾಡುತ್ತಿದ್ದ ನಮ್ಮ ಸಭೆಯ ಒಬ್ಬರು ಚಳಿಗಾಲದಲ್ಲಿ ತೀರಿಕೊಂಡರು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಬೋಟಿನವರು ರಿಪೇರಿ ಮಾಡಿಸಿಕೊಳ್ಳುವುದು ಆಗಲೇ. ಅಂದರೆ ಇವರ ಮನೆಗೆ ಅದೇ ದುಡಿಮೆಯ ಸೀಸನ್. ನಾನು ನೋಟ್‌ಬುಕ್ಕಿನಲ್ಲಿ ವರ್ಷದ ದಿನದ ಜೊತೆ ಜೂನ್ ಅಂತಲೂ ಬರೆದಿಟ್ಟೆ. ಮಳೆ ಹಿಡಿದ ಮೇಲೆ ಒಂದು ಸಂಜೆ ಹೋದೆ. ಟೂಲ್ ಬಾಕ್ಸ್ ಬಾಗಿಲ ಪಕ್ಕದಲ್ಲೇ ಇತ್ತು. ಅವರ ಮೊಬೈಲ್ ಇನ್ನೂ ಚಾರ್ಜ್‌ನಲ್ಲಿ. "ಅಯ್ನೋರೇ, ಇವತ್ತೂ ಫೋನ್ ಬಂತು. ಹೊರಗಿನ ಬೋಟಿನವರು. ಇಂಜಿನ್ ಬಿಚ್ಚಬೇಕು, ಯಾವಾಗ ಬರ್ತಾರೆ ಅಂತ ಕೇಳ್ತಾರೆ. ಪ್ರತಿ ಸಲ ನಾನೇ ಹೇಳಬೇಕು," ಅಂದರು ತೀರಿಕೊಂಡವರ ಹೆಂಡತಿ. ನಾನು ಬೈಬಲ್ ತೆಗೆಯಲಿಲ್ಲ. ಕೂತಿದ್ದಾಗಲೇ ಮತ್ತೊಂದು ಫೋನ್ ಬಂತು. ಅವರು ನನ್ನ ಕಡೆ ಚಾಚಿದರು. ಆ ಸಲ ನಾನು ಹೇಳಿದೆ.

ಮೇಷ್ಟ್ರ ಒಂದು ಮಾತು ನಾನು ಪಾಲಿಸುವುದಿಲ್ಲ. ಒಬ್ಬನೇ ಹೋಗು ಅನ್ನುತ್ತಿದ್ದರು. ನಾನು ಸ್ತ್ರೀ ಸಮಾಜದ ಒಬ್ಬ ಹಿರಿಯರನ್ನು ಕರೆದುಕೊಂಡು ಹೋಗುತ್ತೇನೆ. ಅಕ್ಕಪಕ್ಕದವರ ಬಾಯಿ ಒಂದು ಕಾರಣ. ಇನ್ನೊಂದು, ಆರಾಧನೆ ಕನ್ನಡದಲ್ಲಾದರೂ ಇಲ್ಲಿ ತುಂಬಾ ಮನೆಗಳಲ್ಲಿ ಅಳು ಬರುವುದು ಕೊಂಕಣಿಯಲ್ಲಿ. ನನ್ನ ಕೊಂಕಣಿ ಮಾರ್ಕೆಟ್‌ನಲ್ಲಿ ಬಂಗಡೆ ಕೊಳ್ಳುವಷ್ಟು ಮಾತ್ರ!

ಮೇಷ್ಟ್ರ ನೋಟ್‌ಬುಕ್ಕಿನಲ್ಲಿ ಇಲ್ಲದ ಒಂದು ಕಾಲಂ ಕೂಡ ಸೇರಿಸಿದೆ: ದೂರದ ಊರಲ್ಲಿ ಆದ ಸಾವು. ನಮ್ಮಲ್ಲಿ ಸೀಬರ್ಡ್ ನೌಕಾನೆಲೆ, ಕೈಗಾ ಸ್ಥಾವರದ ಕುಟುಂಬಗಳಿವೆ. ತಮಿಳುನಾಡಿನವರು, ಆಂಧ್ರದವರು. ತಾಯಿ ತೀರಿಕೊಂಡರು ಅಂತ ಊರಿಗೆ ಹೋಗುತ್ತಾರೆ, ರಜೆ ಮುಗಿದ ಕೂಡಲೇ ಡ್ಯೂಟಿಗೆ ಬರುತ್ತಾರೆ. ಇಲ್ಲಿ ಯಾರೂ ಆ ಸಾವು ನೋಡಿರುವುದಿಲ್ಲ. ಮುಂದಿನ ಭಾನುವಾರ ಚರ್ಚ್ ಬಾಗಿಲಲ್ಲಿ "ಊರಿಗೆ ಹೋಗಿದ್ರಂತೆ, ಮಳೆ ಹೇಗಿದೆ ಅಲ್ಲಿ?" ಅಂತ ಕೇಳುತ್ತಾರೆ ಅಷ್ಟೆ. ನನಗೆ ಕೇಳಿದರೆ ಮೊದಲು ಹೋಗಬೇಕಾದ್ದು ಈ ಮನೆಗಳಿಗೇ. ಹೋಗಿ ತಾಯಿಯ ಫೋಟೋ ತೋರಿಸಿ ಅನ್ನುತ್ತೇನೆ. ಅಷ್ಟು ಸಾಕು, ಉಳಿದದ್ದು ಅವರೇ ಹೇಳುತ್ತಾರೆ. ವರ್ಷ ತುಂಬುವ ಮೊದಲೇ ಟ್ರಾನ್ಸ್‌ಫರ್ ಆದರೆ ಫೋನ್ ಮಾಡುತ್ತೇನೆ.

ನನಗೂ ಟ್ರಾನ್ಸ್‌ಫರ್ ತಪ್ಪಿದ್ದಲ್ಲ. ಆಗ ನೋಟ್‌ಬುಕ್ ಮುಂದಿನ ಅಯ್ನೋರಿಗೆ ಕೊಡುತ್ತೇನೆ. ಅದರಲ್ಲಿ ಹೆಸರು, ತಾರೀಕು, ಯಾವ ತಿಂಗಳು ಕಷ್ಟ ಅನ್ನುವುದಷ್ಟೇ ಇದೆ. ಯಾರು ಏನು ಹೇಳಿಕೊಂಡರು ಅನ್ನುವುದನ್ನು ಮಾತ್ರ ಎಲ್ಲೂ ಬರೆದಿಲ್ಲ.