ಮೊಬೈಲ್ ಬೇಡ ಅನ್ನುವುದನ್ನು ಬಿಟ್ಟು ಪುಸ್ತಕ ಕೈಗಿಟ್ಟೆ

ನಾನು ಮಕ್ಕಳ ಡಾಕ್ಟರ್. ಎಷ್ಟೋ ವರ್ಷ ನನ್ನ ಸಲಹೆ ಒಂದೇ ಸಾಲಿನದಾಗಿತ್ತು: "ಮಗುವಿಗೆ ಮೊಬೈಲ್ ತೋರಿಸಬೇಡಿ." ತೂಕ ನೋಡಿ, ಲಸಿಕೆ ಹಾಕಿ, ಚೀಟಿ ಬರೆಯುತ್ತಾ ತಲೆ ಎತ್ತದೆ ಹೇಳುತ್ತಿದ್ದೆ. ತಂದೆತಾಯಿ "ಆಯ್ತು ಡಾಕ್ಟ್ರೇ" ಅನ್ನುತ್ತಿದ್ದರು. ಬಾಗಿಲು ದಾಟುವ ಮೊದಲೇ ಅಳುವ ಕೂಸಿನ ಮುಂದೆ ಫೋನ್ ಬಂದಿರುತ್ತಿತ್ತು. ಆಗೆಲ್ಲ ಬೇಸರವಾಗುತ್ತಿತ್ತು. ಆಮೇಲೆ ಯೋಚಿಸಿದೆ, ಸೂಜಿ ಚುಚ್ಚಿಸಿಕೊಂಡ ಮಗು ಅಳದೆ ಇರುತ್ತದೆಯೇ? ಆ ತಾಯಿಯ ಕೈಯಲ್ಲಿ ಆ ಹೊತ್ತಿಗೆ ಬೇರೆ ಏನಿತ್ತು? ಇದ್ದದ್ದನ್ನು ನಾನು ಬೇಡ ಅಂದಿದ್ದೆ. ಅದರ ಬದಲಿಗೆ ಏನನ್ನೂ ಕೊಟ್ಟಿರಲಿಲ್ಲ.

1989ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಮಕ್ಕಳ ಡಾಕ್ಟರುಗಳು ತಪಾಸಣೆಗೆ ಬರುವ ಮಕ್ಕಳಿಗೆ ಪುಸ್ತಕ ಕೊಟ್ಟು ಕಳಿಸುವ ಕೆಲಸ ಶುರು ಮಾಡಿದ್ದರು. ರೀಚ್ ಔಟ್ ಅಂಡ್ ರೀಡ್ ಅಂತ ಅದರ ಹೆಸರು. ಅವರ ಕ್ರಮದಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದು ಸಣ್ಣ ಸಂಗತಿ. ಪುಸ್ತಕವನ್ನು ಹೊರಡುವಾಗ ಬಹುಮಾನದ ಹಾಗೆ ಕೊಡುವುದಿಲ್ಲ, ಒಳಗೆ ಬಂದ ಕೂಡಲೇ ಕೊಡುತ್ತಾರೆ. ನಾನೂ ಹಾಗೇ ಮಾಡಿದೆ. ಕಾಯುವ ಕೋಣೆಯ ಟಿವಿ ತೆಗೆಸಿದೆ. ಆ ಜಾಗದಲ್ಲಿ ಒಂದು ಬುಟ್ಟಿ ತುಂಬಾ ದಪ್ಪ ರಟ್ಟಿನ ಪುಸ್ತಕಗಳನ್ನು ಇಟ್ಟೆ. ನನ್ನ ಮೇಜಿನ ಮೇಲೂ ನಾಲ್ಕೈದು ಇರುತ್ತವೆ, ಎಲ್ಲವೂ ಒರೆಸಿ ಇಡಬಹುದಾದಂಥವು.

ಮೊದಮೊದಲು ಬಂದ ಒಂದು ಮಗು ಚೆನ್ನಾಗಿ ನೆನಪಿದೆ. 8 ತಿಂಗಳ ಗಂಡು ಮಗು, ಅಮ್ಮನ ತೊಡೆ ಮೇಲೆ ಕೂತಿದ್ದ. ಪುಸ್ತಕ ಮುಂದೆ ಹಿಡಿದೆ. ಎರಡೂ ಕೈ ಚಾಚಿ ಕಿತ್ತುಕೊಂಡ. ಸೀದಾ ಬಾಯಿಗೆ. ಮೂಲೆ ಕಚ್ಚಿದ, ಜೊಲ್ಲು ಪುಟದ ಮೇಲೆಲ್ಲ ಇಳಿಯಿತು. ಅಮ್ಮ ಗಾಬರಿಯಾಗಿ ಕಿತ್ತುಕೊಳ್ಳಲು ಹೋದರು, "ಹಾಳು ಮಾಡಿಬಿಡ್ತಾನೆ ಡಾಕ್ಟ್ರೇ." "ಬಿಡಮ್ಮಾ, ಈ ವಯಸ್ಸಲ್ಲಿ ಓದೋದೇ ಹೀಗೆ," ಅಂದೆ. ಸ್ವಲ್ಪ ಹೊತ್ತಿಗೆ ಅವನು ಪುಸ್ತಕವನ್ನು ಕೆಳಗಿಟ್ಟು ಅಂಗೈಯಿಂದ ಪಟಪಟ ಬಡಿದ. ಪುಟ ತೆರೆದುಕೊಂಡಿತು. ಒಂದು ನಾಯಿಯ ಚಿತ್ರ. ಅಮ್ಮ ತನಗೇ ಗೊತ್ತಿಲ್ಲದ ಹಾಗೆ "ಭೌ ಭೌ" ಅಂದರು. ಮಗು ಬಡಿಯುವುದನ್ನು ನಿಲ್ಲಿಸಿದ. ಚಿತ್ರ ನೋಡಿದ, ತಲೆ ಎತ್ತಿ ಅಮ್ಮನ ಬಾಯಿ ನೋಡಿದ, ಮತ್ತೆ ಚಿತ್ರ ನೋಡಿದ. ಅಮ್ಮ ಇನ್ನೊಂದು ಸಲ "ಭೌ" ಅಂದಾಗ ಕಿಲಕಿಲ ನಕ್ಕ.

ಚಿತ್ರದಿಂದ ಮುಖಕ್ಕೆ, ಮುಖದಿಂದ ಚಿತ್ರಕ್ಕೆ ಹೋಗುವ ಆ ನೋಟವೇ ನಾನು ತಂದೆತಾಯಿಗೆ ಬೆರಳು ಮಾಡಿ ತೋರಿಸುವುದು. ಮಾತು ಹುಟ್ಟುವುದು ಅಲ್ಲೇ. ಇಬ್ಬರೂ ಒಂದೇ ವಸ್ತುವನ್ನು ನೋಡುತ್ತಿದ್ದಾರೆ, ಒಬ್ಬರು ಅದಕ್ಕೆ ಹೆಸರು ಹೇಳುತ್ತಿದ್ದಾರೆ, ಇನ್ನೊಬ್ಬರು ಅದನ್ನು ಹಿಡಿದುಕೊಳ್ಳುತ್ತಿದ್ದಾರೆ. ಫೋನ್ ಇದ್ದಲ್ಲಿ ಮಗುವಿನ ಕಣ್ಣು ಹಾಗೆ ಮೇಲೇಳುವುದು ತೀರಾ ಕಡಿಮೆ. ಚಿತ್ರ ಓಡುತ್ತಲೇ ಇರುತ್ತದೆ, ಯಾರಿಗೂ ಕಾಯುವುದಿಲ್ಲ. ಪುಸ್ತಕದ ನಾಯಿ ಮಗುವಿಗೆ ಸಾಕಾಗುವವರೆಗೂ ಅಲ್ಲೇ ಇರುತ್ತದೆ.

"ನಾವು ಸುಮ್ನೆ ಏನೇನೋ ಹಾಕಲ್ಲ ಡಾಕ್ಟ್ರೇ, ಕಲಿಯೋ ವಿಡಿಯೋ ಮಾತ್ರ," ಅಂತ ಹೇಳುವವರು ಜಾಸ್ತಿ. ಅವರ ಕಾಳಜಿ ನಿಜವಾದದ್ದೇ. ಅವರಿಗೆ ನಾನು 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದ ಕಥೆ ಹೇಳುತ್ತೇನೆ. ಪೆಟ್ರೀಷಿಯಾ ಕೂಲ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ಅಮೆರಿಕದ 9 ತಿಂಗಳ ಮಕ್ಕಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿದರು, ಒಟ್ಟು 12 ಸಲ. ಕೆಲವು ಮಕ್ಕಳ ಎದುರಿಗೆ ಆ ಭಾಷೆಯವರೇ ಕೂತು ಪುಸ್ತಕ ಓದಿ, ಆಟಿಕೆ ಹಿಡಿದು ಮಾತಾಡಿಸಿದರು. ಇನ್ನು ಕೆಲವರಿಗೆ ಅದನ್ನೇ ಟಿವಿಯಲ್ಲಿ ತೋರಿಸಿದರು. ಎದುರಿಗೆ ಮನುಷ್ಯರಿದ್ದ ಮಕ್ಕಳು ಆ ಭಾಷೆಯ ಶಬ್ದಗಳನ್ನು ಬೇರೆ ಬೇರೆ ಗುರುತಿಸುವುದನ್ನು ಕಲಿತರು. ಟಿವಿ ನೋಡಿದವರು ಕಲಿಯಲಿಲ್ಲ. ಅದೇ ಮಾತು, ಅದೇ ಪುಸ್ತಕ. ಇಷ್ಟು ಹೇಳಿದರೆ ಸಾಕು, ಅಪ್ಪ ಅಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಸರಳವಾಗಿದೆ. 1 ವರ್ಷ ತುಂಬುವವರೆಗೆ ಸ್ಕ್ರೀನ್ ಬೇಡ, 1 ವರ್ಷದ ಮಗುವಿಗೂ ಕೂತು ನೋಡುವುದು ಬೇಡ, 2 ತುಂಬಿದ ಮೇಲೆ ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ದೂರದಲ್ಲಿರುವ ಅಜ್ಜಿ ತಾತನ ಜೊತೆ ವಿಡಿಯೋ ಕಾಲ್ ಮಾಡಬಹುದೇ ಅಂತ ಎಲ್ಲರೂ ಕೇಳುತ್ತಾರೆ. ಖಂಡಿತ ಮಾಡಿ. ಅಲ್ಲಿ ಮಗು ಕೂಗಿದರೆ ಆ ಕಡೆಯಿಂದ ಉತ್ತರ ಬರುತ್ತದೆ. ಮಗುವಿನ ಕೈಯಲ್ಲಿ ಪುಸ್ತಕ ಇರಲಿ, ಅಜ್ಜಿ ಅಲ್ಲಿಂದಲೇ ಕಥೆ ಹೇಳಲಿ.

ನನ್ನ ಪ್ರಶ್ನೆಯೂ ಬದಲಾಯಿತು. "ಮಗುವಿಗೆ ಫೋನ್ ಕೊಡ್ತೀರಾ?" ಅಂತ ಕೇಳಿದರೆ ಉತ್ತರ ಯಾವಾಗಲೂ "ಇಲ್ಲ". ಬೈಸಿಕೊಳ್ಳಲು ಯಾರಿಗೆ ಇಷ್ಟ? ಈಗ "ದಿನದಲ್ಲಿ ಯಾವ ಹೊತ್ತು ತುಂಬಾ ಕಷ್ಟ ಆಗುತ್ತೆ?" ಅಂತ ಕೇಳುತ್ತೇನೆ. ಆಗ ಎಲ್ಲ ಹೊರಗೆ ಬರುತ್ತದೆ. ಊಟ ಮಾಡಿಸುವಾಗ. ಅಡುಗೆ ಮಾಡುವಾಗ. ಸಂಜೆ ಸುಸ್ತಾಗಿ ಬಂದ ಮೇಲೆ. ಒಬ್ಬ ತಾಯಿ, "ರಾತ್ರಿ ಎರಡು ಗಂಟೆಗೆ ಎದ್ದು ಕೂತಿರ್ತೀನಲ್ಲ, ಆಗ ನನಗೇ ಬೇಕು ಡಾಕ್ಟ್ರೇ," ಅಂತ ಹೇಳಿ ಅತ್ತುಬಿಟ್ಟರು. ಅವತ್ತು ಪುಸ್ತಕದ ಮಾತೇ ಎತ್ತಲಿಲ್ಲ. ಅವರಿಗೆ ನಿದ್ದೆ ಬೇಕಿತ್ತು, ಮನೆಯವರ ಕೈ ಬೇಕಿತ್ತು. ಮನೆಯವರನ್ನು ಕರೆಸಿ ಅದನ್ನೇ ಮಾತಾಡಿದೆ.

ಓದಲು ಬಾರದವರಿಗೆ ಸಂಕೋಚ ಜಾಸ್ತಿ. ಒಬ್ಬ ತಂದೆ ಪುಸ್ತಕ ಮುಟ್ಟಲೇ ಇಲ್ಲ, "ಇವಳ ಅಮ್ಮ ಬಂದಾಗ ಕೊಡಿ," ಅಂದರು. ನನಗೆ ತಕ್ಷಣ ಗೊತ್ತಾಯಿತು. "ಇದರಲ್ಲಿ ಅಕ್ಷರವೇ ಇಲ್ಲ ನೋಡಿ, ಬರೀ ಚಿತ್ರ," ಅಂತ ತೆರೆದು ಕೊಟ್ಟೆ. ಚೆಂಡು ಕಂಡಿತು. ಅವರು ಮೆಲ್ಲಗೆ "ಚೆಂಡು... ಉರುಳ್ತಾ ಉರುಳ್ತಾ ಎಲ್ಲಿಗ್ ಹೋಯ್ತು?" ಅಂತ ಮಗಳ ಹೊಟ್ಟೆ ಮೇಲೆ ಬೆರಳು ಓಡಿಸಿದರು. ನಾನು ಅಷ್ಟು ಚೆನ್ನಾಗಿ ಎಂದೂ ಓದಿಲ್ಲ. ಅವರಿಗೂ ಅದನ್ನೇ ಹೇಳಿದೆ. ಇಷ್ಟು ಚಿಕ್ಕ ಮಗುವಿಗೆ ಕಥೆ ಮುಗಿಯಬೇಕು ಅಂತೇನಿಲ್ಲ. ಎರಡು ನಿಮಿಷ ಸಾಕು. ಮಗು ಮುಖ ತಿರುಗಿಸಿದರೆ ಪುಸ್ತಕ ಮುಚ್ಚಿ. ಒಂದೇ ಪುಸ್ತಕ ನೂರು ಸಲ ಬೇಕು ಅಂದರೆ ನೂರು ಸಲ ಓದಿ. ನಮಗೆ ಬೇಜಾರಾಗಬಹುದು, ಮಗುವಿಗೆ ಮುಂದೇನು ಬರುತ್ತದೆ ಅಂತ ಗೊತ್ತಿರುವುದೇ ಖುಷಿ.

ಇಲ್ಲಿ ನನ್ನ ಒಂದು ತಪ್ಪನ್ನು ಹೇಳಲೇಬೇಕು. 14 ತಿಂಗಳ ಹೆಣ್ಣು ಮಗು, ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಮನೆಯವರು "ಫೋನ್ ಜಾಸ್ತಿ ಆಯ್ತು" ಅಂದರು. ನಾನೂ ಅದನ್ನೇ ನಂಬಿದೆ. ಫೋನ್ ನಿಲ್ಲಿಸಿ, ಪುಸ್ತಕ ಓದಿ, ಎರಡು ತಿಂಗಳು ಬಿಟ್ಟು ಬನ್ನಿ ಅಂದೆ. ಆ ಮಗುವಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎರಡು ತಿಂಗಳು ನನ್ನಿಂದ ಹೋಯಿತು. ಆ ನೋವು ಇನ್ನೂ ಇದೆ. 9 ತಿಂಗಳಾದರೂ "ಬಬಬ, ದದದ" ಅಂತ ತೊದಲದಿದ್ದರೆ, ವರ್ಷ ತುಂಬಿದರೂ ಹೆಸರಿಗೆ ತಿರುಗದಿದ್ದರೆ, ಆಡುತ್ತಿದ್ದ ಮಾತು ನಿಂತುಹೋದರೆ, ಎಲ್ಲದಕ್ಕೂ ಫೋನ್ ಕಾರಣ ಅಂತ ಕೂರಬೇಡಿ. ಮೊದಲು ಕಿವಿ ಪರೀಕ್ಷೆ, ಬೆಳವಣಿಗೆಯ ಪರೀಕ್ಷೆ ಆಗಲಿ. ಪುಸ್ತಕ ಅದರ ಜೊತೆಗೆ ಇರಲಿ.

ಎಲ್ಲಕ್ಕಿಂತ ಕಷ್ಟ ಊಟದ ಹೊತ್ತಿನ ಫೋನ್. "ಅದಿಲ್ಲ ಅಂದ್ರೆ ಬಾಯೇ ತೆರೆಯಲ್ಲ," ಅನ್ನುತ್ತಾರೆ, ನಿಜ. ಆದರೆ ಸ್ಕ್ರೀನ್ ನೋಡುತ್ತಾ ನುಂಗುವ ಮಗುವಿಗೆ ಹೊಟ್ಟೆ ತುಂಬಿದ್ದು ಸರಿಯಾಗಿ ಗೊತ್ತಾಗುವುದಿಲ್ಲ, ರುಚಿಯ ಕಡೆಗೂ ಗಮನ ಇರುವುದಿಲ್ಲ. ಒಮ್ಮೆಲೇ ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ದಿನದ ಒಂದು ಊಟ ಆರಿಸಿಕೊಳ್ಳಿ, ಎಲ್ಲರಿಗೂ ಸ್ವಲ್ಪ ಪುರುಸೊತ್ತು ಇರುವ ಹೊತ್ತಿನದು. ಆಗ ದೊಡ್ಡವರ ಫೋನೂ ಬೇರೆ ಕೋಣೆಯಲ್ಲಿರಲಿ. ಮಗು ತಾನೇ ಕೈ ಹಾಕಿ ತಿನ್ನಲಿ, ಚೆಲ್ಲಲಿ. ಮೊದಲ ಕೆಲವು ದಿನ ರಚ್ಚೆ ಹಿಡಿಯುತ್ತದೆ, ಕಡಿಮೆ ತಿನ್ನುತ್ತದೆ. ಅದನ್ನು ಮೊದಲೇ ಹೇಳಿ ಕಳಿಸುತ್ತೇನೆ, ಇಲ್ಲದಿದ್ದರೆ ಮೂರನೇ ದಿನಕ್ಕೆ ಧೈರ್ಯ ಕುಗ್ಗುತ್ತದೆ. ತೂಕವನ್ನು ನಾನು ನೋಡಿಕೊಳ್ಳುತ್ತೇನೆ ಅನ್ನುವ ಮಾತು ಕೊಡುತ್ತೇನೆ. ಆ ಒಂದು ಮಾತಿಗೆ ಎಷ್ಟೋ ಅಮ್ಮಂದಿರ ಮುಖ ಸಡಿಲವಾಗುತ್ತದೆ.

ಹೋದ ವಾರ 11 ತಿಂಗಳ ಮಗುವಿನ ಮನೆಯವರು ಬಂದಿದ್ದರು. ಶುರು ಮಾಡಿ ಮೂರು ವಾರ. ಬೆಳಗಿನ ಊಟ ಫೋನ್ ಇಲ್ಲದೆ ಆಗುತ್ತಿದೆ, ಮಧ್ಯಾಹ್ನದ್ದೂ ಹೆಚ್ಚುಕಡಿಮೆ ಆಗುತ್ತಿದೆ. ತೂಕ ಇಳಿದಿಲ್ಲ. ಮಲಗುವ ಮೊದಲು ಅಪ್ಪ ಓದುತ್ತಾರಂತೆ, ಮಗು ಪುಸ್ತಕದ ಚಂದ್ರನ ಮೇಲೆ ಬೆರಳಿಟ್ಟು "ಆ" ಅನ್ನುತ್ತದಂತೆ. ರಾತ್ರಿ ಊಟಕ್ಕೆ ಮಾತ್ರ ಇನ್ನೂ ಫೋನ್ ಬೇಕು ಅಂತ ಅಮ್ಮ ತಲೆ ತಗ್ಗಿಸಿದರು. "ಪರವಾಗಿಲ್ಲಮ್ಮಾ, ಅದನ್ನ ಮುಂದಿನ ಸಲಕ್ಕೆ ಇಟ್ಕೊಳ್ಳೋಣ," ಅಂದೆ. ಬುಟ್ಟಿಯಿಂದ ಇನ್ನೊಂದು ಪುಸ್ತಕ ಆರಿಸಿಕೊಂಡು ಹೋದರು.