ಐರ್ಲೆಂಡ್ ಸುತ್ತಲು ಹತ್ತು ರಾತ್ರಿ: ನಾನು ಯೋಜನೆ ಹಾಕುವ ಬಗೆ

ಭೂಪಟದಲ್ಲಿ ಐರ್ಲೆಂಡ್ ಅಂಗೈಯಗಲ ಕಾಣುತ್ತದೆ. ಪೂರ್ವ ಕರಾವಳಿಯ ಡಬ್ಲಿನ್‌ನಿಂದ ಪಶ್ಚಿಮ ಕರಾವಳಿಯ ಗಾಲ್ವೇಗೆ ಹೆಚ್ಚೂಕಡಿಮೆ 210 ಕಿ.ಮೀ., ಎರಡೂವರೆ ಗಂಟೆಯ ದಾರಿ. ಈ ಒಂದು ಲೆಕ್ಕವನ್ನು ನಂಬಿ ಇಡೀ ದೇಶವನ್ನು ಆರು ದಿನಕ್ಕೆ ತುರುಕಿದ ಯೋಜನೆಗಳೇ ಹೆಚ್ಚು ಕೆಡುವುದು. ನಾವು ನೋಡಲು ಹೋಗುವ ಜಾಗಗಳೆಲ್ಲ ಮೋಟರ್‌ವೇ ಮುಗಿದ ಮೇಲೆ ಶುರುವಾಗುತ್ತವೆ. ಅಲ್ಲಿಂದಾಚೆ ರಸ್ತೆಯ ಎರಡೂ ಕಡೆ ಕಲ್ಲಿನ ಗೋಡೆ, ಅದನ್ನು ಮುಚ್ಚಿದ ಬೇಲಿಗಿಡ, ಎದುರಿಗೆ ಟ್ರ್ಯಾಕ್ಟರ್, ತಿರುವಿನಾಚೆ ಕುರಿಮಂದೆ. ಪಶ್ಚಿಮ ಕರಾವಳಿಯುದ್ದಕ್ಕೂ ಗುರುತು ಮಾಡಿರುವ ವೈಲ್ಡ್ ಅಟ್ಲಾಂಟಿಕ್ ವೇ ಒಂದೇ ಸುಮಾರು 2,500 ಕಿ.ಮೀ. ಇದೆ.

ಹಾಗಾಗಿ ನಾನು ಮೊದಲು ಬರೆದುಕೊಳ್ಳುವುದು ಊರುಗಳ ಪಟ್ಟಿಯನ್ನಲ್ಲ, ರಾತ್ರಿಗಳ ಪಟ್ಟಿಯನ್ನು. ಆಮೇಲೆ ಪ್ರತಿ ದಿನದ ದಾರಿಯನ್ನು ರಸ್ತೆಯ ಅಕ್ಷರದ ಪ್ರಕಾರ ಒಡೆಯುತ್ತೇನೆ. ಎಂ ಅಂದರೆ ಮೋಟರ್‌ವೇ, ಮಿತಿ ಗಂಟೆಗೆ 120 ಕಿ.ಮೀ.; ಮ್ಯಾಪ್ ಹೇಳುವ ಸಮಯ ಇಲ್ಲಿ ಸರಿಯಾಗಿಯೇ ಇರುತ್ತದೆ. ಎನ್ ಅಂದರೆ ರಾಷ್ಟ್ರೀಯ ರಸ್ತೆ, ಸಾಮಾನ್ಯವಾಗಿ 100. ಮ್ಯಾಪ್ ಸಮಯಕ್ಕೆ ಕಾಲು ಭಾಗ ಸೇರಿಸುತ್ತೇನೆ. ಆರ್ ಅಂದರೆ ಪ್ರಾದೇಶಿಕ ರಸ್ತೆ, ಎಲ್ ಅಂದರೆ ಸ್ಥಳೀಯ ರಸ್ತೆ; ಇವೆರಡಕ್ಕೂ ಅರ್ಧ ಭಾಗ ಸೇರಿಸುತ್ತೇನೆ. ಊರ ಹೊರಗಿನ ಎಲ್ ರಸ್ತೆಗಳ ಮಿತಿಯನ್ನು 2025ರ ಫೆಬ್ರವರಿಯಲ್ಲಿ 80ರಿಂದ 60ಕ್ಕೆ ಇಳಿಸಿದ್ದಾರೆ, ಹಲವು ಕಡೆ 60 ಕೂಡ ಓಡಿಸಲಾಗದ ವೇಗ. ಹೀಗೆ ಕೂಡಿಸಿದ ಮೇಲೆ ಒಂದು ದಿನಕ್ಕೆ ಸ್ಟಿಯರಿಂಗ್ ಹಿಂದಿನ ಸಮಯ ನಾಲ್ಕು ಗಂಟೆ ದಾಟಿದರೆ ಆ ದಿನದಿಂದ ಏನಾದರೂ ತೆಗೆಯಲೇಬೇಕು. ಊರು ಬದಲಿಸುವ ದಿನ ಮೂರೇ ಗಂಟೆ ಒಳ್ಳೆಯದು, ಏಕೆಂದರೆ ಕೋಣೆ ಖಾಲಿ ಮಾಡುವುದು, ಸಾಮಾನು ಜೋಡಿಸುವುದು, ಹೊಸ ಊರಲ್ಲಿ ಪಾರ್ಕಿಂಗ್ ಹುಡುಕುವುದು ಸದ್ದಿಲ್ಲದೆ ಎರಡು ಗಂಟೆ ತಿನ್ನುತ್ತವೆ.

ನಾನು ನಿಲ್ಲುವ ಹತ್ತು ರಾತ್ರಿಯ ಹಂಚಿಕೆ ಹೀಗೆ: ಡಬ್ಲಿನ್ 2, ಗಾಲ್ವೇ 2, ಡೂಲಿನ್ 1, ಡಿಂಗಲ್ 2, ಕಿಲ್ಲಾರ್ನಿ 2, ಕೊನೆಗೆ ಡಬ್ಲಿನ್ ವಿಮಾನ ನಿಲ್ದಾಣದ ಹತ್ತಿರ 1. ಏಳೇ ರಾತ್ರಿ ಇದ್ದರೆ ಗಾಲ್ವೇ ಭಾಗ ಅಥವಾ ಡಿಂಗಲ್, ಕಿಲ್ಲಾರ್ನಿ ಇರುವ ಕೆರ್ರಿ ಭಾಗ, ಎರಡರಲ್ಲಿ ಒಂದನ್ನು ಪೂರ್ತಿ ಬಿಡಿ. ಎರಡನ್ನೂ ಅರ್ಧರ್ಧ ನೋಡಲು ಹೋದರೆ ದಕ್ಕುವುದು ಕಾರಿನ ಕಿಟಕಿ ಮಾತ್ರ.

ಮೊದಲ ಎರಡು ದಿನ ಕಾರು ಬೇಡ. ಡಬ್ಲಿನ್‌ನ ನಡುಭಾಗ ನಡೆದೇ ಮುಗಿಯುತ್ತದೆ, ಪಾರ್ಕಿಂಗ್ ದುಬಾರಿ, ಏಕಮುಖ ರಸ್ತೆಗಳೂ ಬಸ್ಸಿನ ಪಥಗಳೂ ಹೊಸಬರನ್ನು ಸುಸ್ತು ಮಾಡುತ್ತವೆ. ಬೆಂಗಳೂರಿನಿಂದ ಹೊರಟು ಒಂದು ಕಡೆ ವಿಮಾನ ಬದಲಿಸಿ ಇಳಿದವರಿಗೆ ನಿದ್ದೆಯೂ ಆಗಿರುವುದಿಲ್ಲ. ಬೇಸಿಗೆಯಲ್ಲಿ ನಮಗೂ ಅಲ್ಲಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ಐದೂವರೆ. ಮೂರನೆಯ ದಿನ ಬೆಳಿಗ್ಗೆ ಬಸ್ಸಿನಲ್ಲಿ ವಿಮಾನ ನಿಲ್ದಾಣಕ್ಕೆ ವಾಪಸ್ ಹೋಗಿ, ಹತ್ತು ಗಂಟೆ ಸುಮಾರಿಗೆ ಕಾರು ತೆಗೆದುಕೊಂಡರೆ ನಗರದೊಳಗೆ ಹೋಗದೆ ನೇರ ಎಂ50 ವರ್ತುಲ ರಸ್ತೆ ಹಿಡಿಯಬಹುದು.

ಕಾರಿನ ಬಗ್ಗೆ ನಮಗೊಂದು ದೊಡ್ಡ ಅನುಕೂಲವಿದೆ. ಅಲ್ಲಿಯೂ ಎಡಗಡೆಯೇ ಓಡಾಟ, ಬಲಗಡೆ ಸ್ಟಿಯರಿಂಗ್, ಎಡಗೈಯಲ್ಲಿ ಗೇರ್. ಊರಲ್ಲಿ ಗೇರ್ ಕಾರು ಓಡಿಸುವವರು ಹೆಚ್ಚು ದುಡ್ಡು ಕೊಟ್ಟು ಆಟೋಮ್ಯಾಟಿಕ್ ಹುಡುಕಬೇಕಿಲ್ಲ. ನಮ್ಮ ಲೈಸೆನ್ಸ್ ಪ್ರವಾಸಿಗರಿಗೆ ಸಾಕಾಗುತ್ತದೆ, ಆದರೂ ಬಾಡಿಗೆ ಕೌಂಟರ್‌ನಲ್ಲಿ ವಾದ ಬೇಡವೆಂದು ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರವಾನಗಿಯನ್ನೂ ಮಾಡಿಸಿಕೊಳ್ಳಿ. ಕಾರು ಚಿಕ್ಕದಿದ್ದಷ್ಟೂ ರಸ್ತೆ ಅಗಲವಾಗುತ್ತದೆ. ಇಬ್ಬರಿಗೆ ಚಿಕ್ಕ ಹ್ಯಾಚ್‌ಬ್ಯಾಕ್ ಸಾಕು. ನಾಲ್ವರು ದೊಡ್ಡವರು ನಾಲ್ಕು 23 ಕಿಲೋ ಸೂಟ್‌ಕೇಸ್ ತಂದರೆ ಅದರ ಡಿಕ್ಕಿಯಲ್ಲಿ ಹಿಡಿಯುವುದಿಲ್ಲ. ಕಾರು ದೊಡ್ಡದು ಮಾಡುವ ಬದಲು ಪೆಟ್ಟಿಗೆ ಕಡಿಮೆ ಮಾಡಿ. 150 ಸೆಂ.ಮೀ.ಗಿಂತ ಕುಳ್ಳಗಿರುವ, 36 ಕಿಲೋಗಿಂತ ಹಗುರವಿರುವ ಮಕ್ಕಳಿಗೆ ಚೈಲ್ಡ್ ಸೀಟ್ ಕಡ್ಡಾಯ.

ವಿಮೆಯ ಕಾಗದವನ್ನು ಸಾಲುಸಾಲಾಗಿ ಓದಬೇಕು. ಬಾಡಿಗೆಯಲ್ಲಿ ಸೇರಿರುವ ಮೂಲ ವಿಮೆ ಇದ್ದರೂ ಹಾನಿಯಾದಾಗ ಮೊದಲ ದೊಡ್ಡ ಮೊತ್ತ ನಮ್ಮ ಮೇಲೆಯೇ ಬೀಳುತ್ತದೆ, ಅಷ್ಟನ್ನು ಕ್ರೆಡಿಟ್ ಕಾರ್ಡಿನಲ್ಲಿ ಮೊದಲೇ ತಡೆಹಿಡಿಯುತ್ತಾರೆ. ಕಾರ್ಡಿನ ಮಿತಿ ಸಾಲದೆ ಕಾರು ಸಿಗದಿರುವುದೂ ಉಂಟು. ಟೈರ್, ಚಕ್ರದ ರಿಮ್, ಗಾಜು, ಕಾರಿನ ತಳಭಾಗ ಹಲವು ಪಾಲಿಸಿಗಳಲ್ಲಿ ಸೇರಿರುವುದಿಲ್ಲ. ಐರ್ಲೆಂಡ್‌ನಲ್ಲಿ ಪೆಟ್ಟಾಗುವುದೇ ಅವಕ್ಕೆ: ಎದುರು ಬಂದ ಬಸ್ಸಿಗೆ ಜಾಗ ಬಿಡಲು ಎಡಕ್ಕೆ ಸರಿದಾಗ ಹುಲ್ಲಿನಲ್ಲಿ ಅಡಗಿದ ಕಲ್ಲು ಎಡ ಮುಂದಿನ ಚಕ್ರವನ್ನು ಸೀಳುತ್ತದೆ. ಕಾರು ತೆಗೆದುಕೊಳ್ಳುವಾಗ ನಾಲ್ಕೂ ಚಕ್ರಗಳ ಹತ್ತಿರದ ಫೋಟೊ ತೆಗೆದುಕೊಳ್ಳಿ. ಡಿಕ್ಕಿಯಲ್ಲಿ ಸ್ಟೆಪ್ನಿ ಇದೆಯೋ, ಬರೀ ಪಂಕ್ಚರ್ ಕಿಟ್ ಇದೆಯೋ ತೆಗೆದು ನೋಡಿ. ಸೀಳಿದ ಟೈರಿಗೆ ಕಿಟ್ ಉಪಯೋಗಕ್ಕೆ ಬರುವುದಿಲ್ಲ.

ವಿಮಾನ ನಿಲ್ದಾಣದಿಂದ ಪಶ್ಚಿಮಕ್ಕೆ ಹೊರಟ ಕೂಡಲೇ ಎಂ50ರ 6 ಮತ್ತು 7ನೇ ಜಂಕ್ಷನ್‌ಗಳ ನಡುವೆ ಟೋಲ್ ಇದೆ. ಗೇಟ್ ಇಲ್ಲ, ಬೂತ್ ಇಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ ಅಷ್ಟೆ. ಮರುದಿನ ರಾತ್ರಿ 8 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಕಟ್ಟದಿದ್ದರೆ ದಂಡ ಸೇರುತ್ತದೆ. ಕೆಲವು ಬಾಡಿಗೆ ಕಂಪನಿಗಳು ತಾವೇ ಕಟ್ಟುತ್ತವೆ, ಕೆಲವು ಕಟ್ಟುವುದಿಲ್ಲ. ಕೀ ತೆಗೆದುಕೊಳ್ಳುವಾಗಲೇ ಕೇಳಬೇಕಾದ ಪ್ರಶ್ನೆ ಇದು. ಗಾಲ್ವೇ ದಾರಿಯ ಉಳಿದ ಟೋಲ್‌ಗಳಲ್ಲಿ ಬೂತ್ ಇರುತ್ತದೆ, ಯೂರೋ ಚಿಲ್ಲರೆ ಇಟ್ಟುಕೊಳ್ಳಿ. ಆಥ್‌ಲೋನ್ ಹತ್ತಿರ ದಕ್ಷಿಣಕ್ಕೆ ತಿರುಗಿದರೆ ಶಾನನ್ ನದಿಯ ದಂಡೆಯಲ್ಲಿ ಕ್ಲಾನ್‌ಮಕ್‌ನಾಯ್ಸ್, ಆರನೆಯ ಶತಮಾನದಲ್ಲಿ ಶುರುವಾದ ಮಠದ ಅವಶೇಷ. ಮೊದಲ ದಿನದ ಓಡಾಟಕ್ಕೆ ಈ ಒಂದು ನಿಲುಗಡೆ ಸಾಕು.

ನಾಲ್ಕನೆಯ ದಿನ ಗಾಲ್ವೇಯ ಪಶ್ಚಿಮಕ್ಕಿರುವ ಕನೆಮಾರಾ ಪ್ರದೇಶ. ಗಾಲ್ವೇಯಿಂದ ಮಾಮ್ ಕ್ರಾಸ್, ಲೀನಾನ್, ಕೈಲ್‌ಮೋರ್ ಅಬ್ಬೆ, ಕ್ಲಿಫ್ಡೆನ್‌ನ ಸ್ಕೈ ರೋಡ್ ಮುಗಿಸಿ ಎನ್59ರಲ್ಲಿ ವಾಪಸ್ ಬಂದರೆ ನಾಲ್ಕು ಗಂಟೆಯ ಮಿತಿ ತುಂಬಿತು. ಅದೇ ದಿನಕ್ಕೆ ಅರಾನ್ ದ್ವೀಪ ಸೇರಿಸುವವರಿದ್ದಾರೆ, ಅದು ಆಗದ ಮಾತು. ದ್ವೀಪಕ್ಕೆ ಇಡೀ ಒಂದು ದಿನ ಬೇಕು.

ಐದನೆಯ ದಿನ ದೂರ ಕಡಿಮೆ. ಬ್ಯಾಲಿವಾನ್‌ವರೆಗೆ ಎನ್67, ಅಲ್ಲಿಂದ ಕಡಲಂಚಿನ ಆರ್477. ಬಲಗಡೆ ಅಟ್ಲಾಂಟಿಕ್, ಎಡಗಡೆ ಬರೆನ್‌ನ ಬೂದು ಸುಣ್ಣಕಲ್ಲಿನ ಹಾಸು. ಕಲ್ಲಿನ ಸೀಳುಗಳಲ್ಲಿ ಮೇ ತಿಂಗಳಲ್ಲಿ ನೀಲಿ ಜೆನ್ಷಿಯನ್ ಹೂ. ಕಡಲಿಗೆ ಕಡಿದಾಗಿ ಇಳಿಯುವ ಬಂಡೆಸಾಲು ಕ್ಲಿಫ್ಸ್ ಆಫ್ ಮೋಹರ್ ಅನ್ನು ಮಧ್ಯಾಹ್ನ ನೋಡಬೇಡಿ. ಡಬ್ಲಿನ್‌ನಿಂದ ಹೊರಟ ಟೂರ್ ಬಸ್ಸುಗಳೆಲ್ಲ ಆಗಲೇ ಅಲ್ಲಿ ಸೇರುತ್ತವೆ. ಸಂಜೆ ಐದರ ನಂತರ ಬಸ್ಸುಗಳು ಹೋಗಿರುತ್ತವೆ, ಪಡುವಣ ಬೆಳಕು 214 ಮೀಟರ್ ಎತ್ತರದ ಬಂಡೆಗಳ ಮುಖಕ್ಕೇ ಬೀಳುತ್ತದೆ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಮೇಲೆ. ಡೂಲಿನ್‌ನ ಆ ಒಂದು ರಾತ್ರಿ ಇರುವುದು ಇದಕ್ಕಾಗಿಯೇ. ಅಂಚಿನ ಕಾಲುದಾರಿಯ ಭಾಗಗಳನ್ನು ಸುರಕ್ಷತೆಗಾಗಿ ಮುಚ್ಚಿದ್ದರೆ ಫಲಕ ದಾಟಿ ಹೋಗಲೇಬೇಡಿ. ಗಾಳಿ ಒಮ್ಮೆಗೇ ತಳ್ಳುತ್ತದೆ.

ಮರುದಿನ ಕೆರ್ರಿಗೆ ಹೋಗುವಾಗ ಮ್ಯಾಪ್‌ನಲ್ಲಿ ‘ಫೆರಿ ಬೇಡ’ ಎಂಬ ಆಯ್ಕೆ ಹಾಕಿದ್ದರೆ ತೆಗೆಯಿರಿ. ಇಲ್ಲದಿದ್ದರೆ ಅದು ಲಿಮರಿಕ್ ಸುತ್ತಿಸುತ್ತದೆ. ಕಿಲಿಮರ್‌ನಿಂದ ಟಾರ್ಬರ್ಟ್‌ಗೆ ಕಾರು ಹತ್ತಿಸಿಕೊಳ್ಳುವ ದೋಣಿ 20 ನಿಮಿಷದಲ್ಲಿ ಶಾನನ್ ನದಿಯ ಅಳಿವೆ ದಾಟಿಸಿ 137 ಕಿ.ಮೀ. ಉಳಿಸುತ್ತದೆ. ಗಂಟೆಗೊಂದು ದೋಣಿ ಇರುವುದರಿಂದ ಐದು ನಿಮಿಷ ತಡವಾದರೂ ಒಂದು ಗಂಟೆ ಹೋಯಿತು.

ಡಿಂಗಲ್ ಸುತ್ತಮುತ್ತ ಐರಿಷ್ ಮಾತಾಡುವ ಪ್ರದೇಶ. ಅಲ್ಲಿನ ಫಲಕಗಳಲ್ಲಿ ಊರಿನ ಹೆಸರು ಐರಿಷ್‌ನಲ್ಲಿ ಮಾತ್ರ ಇರಬಹುದು. ಡಿಂಗಲ್ ಅಂದರೆ ‘ಅನ್ ದಾಂಗನ್’. ಹೊರಡುವ ಮುಂಚೆ ಆ ದಿನದ ಊರುಗಳ ಎರಡೂ ಹೆಸರನ್ನು ಬರೆದುಕೊಳ್ಳಿ, ಮೊಬೈಲ್ ಸಿಗ್ನಲ್ ಬೆಟ್ಟದ ಸಂದಿಯಲ್ಲಿ ಹೋಗುತ್ತದೆ. ಇಲ್ಲಿಂದ ಕಡಲಂಚಿನಲ್ಲಿ ಹೋಗಿ ಇಲ್ಲಿಗೇ ಮರಳುವ ಸ್ಲೇ ಹೆಡ್ ಸುತ್ತು 47 ಕಿ.ಮೀ. ಮಾತ್ರ, ಆದರೆ ಅರ್ಧ ದಿನ ಕೊಡಬೇಕು. ಗಡಿಯಾರದ ಮುಳ್ಳಿನ ದಿಕ್ಕಿನಲ್ಲೇ ಹೋಗಿ. ಬಸ್ಸುಗಳೂ ಹಾಗೇ ಹೋಗುವುದರಿಂದ ಇಕ್ಕಟ್ಟಾದ ತಿರುವಿನಲ್ಲಿ ಮುಖಾಮುಖಿಯಾಗುವುದಿಲ್ಲ, ಕಡಲು ನಮ್ಮ ಎಡಕ್ಕೇ ಬರುವುದರಿಂದ ನಿಲ್ಲಿಸುವುದೂ ಸಲೀಸು. ಇಲ್ಲಿ ಎರಡು ರಾತ್ರಿ ಬೇಕೇ ಬೇಕು ಅನ್ನುವುದು ಮಳೆಗಾಗಿ. ಆಗುಂಬೆಯ ಹಾಗೆ ಸುರಿಯುವ ಮಳೆಯಲ್ಲ, ಸೋನೆ. ಅದರ ಜೊತೆ ಮೋಡ ರಸ್ತೆಗೇ ಇಳಿದು ಏನೂ ಕಾಣದಂತಾಗುತ್ತದೆ. ಎರಡು ರಾತ್ರಿ ಇದ್ದರೆ ಬೆಳಿಗ್ಗೆ ಮುಚ್ಚಿದ್ದು ಸಂಜೆಗೆ ತೆರೆಯುವವರೆಗೆ ಕಾಯಬಹುದು.

ಕಿಲ್ಲಾರ್ನಿಯಿಂದ ಹೊರಟು ಅಲ್ಲಿಗೇ ಮರಳುವ ಕರಾವಳಿಯ ಸುತ್ತು, ರಿಂಗ್ ಆಫ್ ಕೆರ್ರಿ, 179 ಕಿ.ಮೀ. ಮ್ಯಾಪ್ ಮೂರೂವರೆ ಗಂಟೆ ಅಂದರೂ ನಿಲ್ಲುತ್ತಾ ಹೋದರೆ ಇಡೀ ದಿನ. ನಾಲ್ಕು ಗಂಟೆಯ ನಿಯಮವನ್ನು ಈ ದಿನ ನಾನು ಮುರಿಯುತ್ತೇನೆ. ಬಸ್ಸುಗಳು ಕಿಲ್ಲಾರ್ನಿಯಿಂದ ಕಿಲೋರ್ಗ್ಲಿನ್ ಕಡೆಗೆ, ಅಂದರೆ ಅಪ್ರದಕ್ಷಿಣವಾಗಿ ಹೋಗುತ್ತವೆ. ಅದೇ ದಿಕ್ಕಿನಲ್ಲಿ ಬೆಳಿಗ್ಗೆ ಎಂಟಕ್ಕೇ ಹೊರಟು ಅವುಗಳ ಮುಂದೆ ಇರುವುದು ನನ್ನ ಆಯ್ಕೆ. ಒಂಬತ್ತೂವರೆಗೆ ಹೊರಟರೆ ಬಸ್ಸಿನ ಹಿಂದೆಯೇ ದಿನ ಕಳೆಯುತ್ತದೆ. ಮೋಡ ಕವಿದಿದ್ದರೆ ಈ ಸುತ್ತನ್ನು ಬಿಟ್ಟು ಕಿಲ್ಲಾರ್ನಿ ರಾಷ್ಟ್ರೀಯ ಉದ್ಯಾನದಲ್ಲಿ ನಡೆದು, ಲೇಡೀಸ್ ವ್ಯೂ ಎಂಬ ನೋಟದ ಜಾಗದವರೆಗೆ ಹೋಗಿ ಬನ್ನಿ. ಹಳೆಯ ಮಠವಿರುವ ಸ್ಕೆಲಿಗ್ ಮೈಕಲ್ ದ್ವೀಪ ಈ ಯೋಜನೆಯಲ್ಲಿ ಇಲ್ಲ. ದಿನಕ್ಕೆ 180 ಜನರಿಗಷ್ಟೇ ಇಳಿಯಲು ಅವಕಾಶ, ಟಿಕೆಟ್ ತಿಂಗಳುಗಳ ಮೊದಲೇ ಮುಗಿಯುತ್ತದೆ, ಅಲೆ ಎದ್ದರೆ ಆ ಬೆಳಿಗ್ಗೆಯೇ ದೋಣಿ ರದ್ದು. ಅದೇ ಮುಖ್ಯ ಅನ್ನುವವರು ಕಿಲ್ಲಾರ್ನಿ ಬದಲು ಪೋರ್ಟ್‌ಮಗೀಯಲ್ಲಿ ಉಳಿಯಿರಿ.

ಕಡಲಂಚಿನ ಕಲ್ಲುಕಂಬಗಳಿಗೆ ಹೆಸರಾದ ಜೈಂಟ್ಸ್ ಕಾಸ್‌ವೇ ಯಾಕೆ ಇಲ್ಲ ಎಂದು ಕೇಳುತ್ತಾರೆ. ಅದು ಉತ್ತರ ಐರ್ಲೆಂಡ್‌ನಲ್ಲಿದೆ, ಅಂದರೆ ಬ್ರಿಟನ್ನಿನ ಆಡಳಿತದಲ್ಲಿ. ಅಲ್ಲಿ ಪೌಂಡ್, ವೇಗದ ಫಲಕ ಮೈಲಿಯಲ್ಲಿ. ಗಡಿಯಲ್ಲಿ ಗೇಟ್ ಇಲ್ಲ, ಆದರೆ ಭಾರತೀಯ ಪಾಸ್‌ಪೋರ್ಟ್‌ನವರಿಗೆ ಬರೀ ಐರಿಷ್ ವೀಸಾ ಸಾಲದು. ಬ್ರಿಟಿಷ್ ವೀಸಾ ಬೇಕು, ಅಥವಾ ಐರಿಷ್ ವೀಸಾದ ಮೇಲೆ ಬ್ರಿಟಿಷ್-ಐರಿಷ್ ಜಂಟಿ ಯೋಜನೆಯ ಗುರುತಾದ ಬಿಐವಿಎಸ್ ಎಂದು ಮುದ್ರಿಸಿರಬೇಕು. ಯುರೋಪಿನ ಬಹುತೇಕ ದೇಶಗಳಿಗೆ ನಡೆಯುವ ಷೆಂಗೆನ್ ವೀಸಾ ಎರಡೂ ಕಡೆ ನಡೆಯುವುದಿಲ್ಲ. ಇಲ್ಲೊಂದು ಮರೆಯ ತೊಡಕಿದೆ: ಡಬ್ಲಿನ್‌ನಿಂದ ಐರ್ಲೆಂಡ್ ಗಣರಾಜ್ಯದ್ದೇ ಆದ, ವಾಯವ್ಯ ಮೂಲೆಯ ಡೊನೆಗಾಲ್‌ನ ಲೆಟರ್‌ಕೆನ್ನಿಗೆ ದಾರಿ ಕೇಳಿದರೆ ಮ್ಯಾಪ್ ಒಂದು ಮಾತೂ ಹೇಳದೆ ಒಮಾ ಮೂಲಕ ಉತ್ತರ ಐರ್ಲೆಂಡ್ ಹೊಕ್ಕಿಸುತ್ತದೆ. ಆ ವೀಸಾ ಇಲ್ಲದವರು ಸ್ಲೈಗೊ ಮೂಲಕ ಎನ್4 ಹಿಡಿಯಬೇಕು. ವೀಸಾ ಇದ್ದರೂ ಕಾರು ಗಡಿ ದಾಟುತ್ತದೆಂದು ಬಾಡಿಗೆಯವರಿಗೆ ಮೊದಲೇ ತಿಳಿಸಿ.

ಊಟದ ವಿಷಯಕ್ಕೆ ಬಂದರೆ, ಹಳ್ಳಿಯ ಪಬ್‌ಗಳ ಅಡುಗೆಮನೆ ರಾತ್ರಿ ಎಂಟೂವರೆ, ಒಂಬತ್ತಕ್ಕೆ ಮುಚ್ಚುತ್ತದೆ. ಹೊರಗೆ ಬೆಳಕಿದೆ ಎಂದು ಮೋಸಹೋಗಬೇಡಿ. ತರಕಾರಿ ಸೂಪ್ ಅಂದರೂ ಕೋಳಿಯ ಸ್ಟಾಕ್ ಇರಬಹುದು, ಕೇಳಿಯೇ ತಗೊಳ್ಳಿ. ಊರಿನಿಂದ ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಒಯ್ಯಿರಿ. ತುಪ್ಪ, ಪೇಡ, ಹಾಲಿನ ಸಿಹಿ, ಹಸಿ ಕರಿಬೇವು ಬೇಡ. ಐರೋಪ್ಯ ಒಕ್ಕೂಟದ ಹೊರಗಿನಿಂದ ಪ್ರಯಾಣಿಕರು ಹಾಲಿನ ಪದಾರ್ಥ ತರುವಂತಿಲ್ಲ, ಕಸ್ಟಮ್ಸ್‌ನಲ್ಲಿ ತೆಗೆದು ಬಿಸಾಡುತ್ತಾರೆ.

ಹತ್ತನೆಯ ದಿನ ಕಿಲ್ಲಾರ್ನಿಯಿಂದ ಮ್ಯಾಲೊ, ಮಿಚೆಲ್ಸ್‌ಟೌನ್ ದಾಟಿ ಎಂ8 ಸೇರಿ, ಗುಡ್ಡದ ಮೇಲಿನ ಹಳೆಯ ಚರ್ಚುಗಳ ಅವಶೇಷವಾದ ರಾಕ್ ಆಫ್ ಕ್ಯಾಶೆಲ್‌ನಲ್ಲಿ ಎರಡು ಗಂಟೆ ನಿಂತು ಡಬ್ಲಿನ್ ಕಡೆ ಹೊರಡಿ. ಎಂ50ರ ಸಂಜೆಯ ದಟ್ಟಣೆ ನಾಲ್ಕರಿಂದ ಆರೂವರೆಯವರೆಗೆ ಇರುತ್ತದೆ, ಏಳರ ಮೇಲೆ ತಲುಪುವ ಹಾಗೆ ನೋಡಿಕೊಳ್ಳಿ. ವಿಮಾನ ನಿಲ್ದಾಣಕ್ಕೆ ಮುಂಚೆಯೇ ಟ್ಯಾಂಕ್ ತುಂಬಿಸಿ. ಪಂಪಿನಲ್ಲಿ ನಾವೇ ಹಾಕಿಕೊಳ್ಳಬೇಕು. ನಳಿಕೆಯ ಬಣ್ಣವನ್ನಲ್ಲ, ಅದರ ಮೇಲಿನ ಅಕ್ಷರವನ್ನು ಓದಿ. ಕಾರು ವಾಪಸ್ ಕೊಟ್ಟ ರಾತ್ರಿ ಎಂ50ರ ಅದೇ ಟೋಲ್ ಎರಡನೆಯ ಸಲ ದಾಟಿದ್ದರ ಹಣ ಬಾಕಿ ಇರುತ್ತದೆ. ಕಾರು ಕೈಬಿಟ್ಟಿತೆಂದು ಇದನ್ನು ಮರೆಯುವವರೇ ಹೆಚ್ಚು, ನಂಬರ್ ಬರೆದಿಟ್ಟುಕೊಂಡು ಮಲಗುವ ಮುಂಚೆ ಕಟ್ಟಿಬಿಡಿ.